ಡೇರಿಯ ದಾರಿ, ಉಪ್ಪಿನ ಡಬ್ಬಿ

"ಎಲ್ಲಿಂದ ಶುರು ಮಾಡೋದು ಸಾರ್, ಅದೊಂದು ಹೇಳಿ." ಆರೋಗ್ಯದ ಬಗ್ಗೆ ಈ ಅಂಕಣದಲ್ಲಿ ಏನೇ ಬರೆದರೂ ಓದುಗರು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ. ನಡೆಯುವುದು ಒಳ್ಳೆಯದು, ಉಪ್ಪು ಸಕ್ಕರೆ ಕಡಿಮೆ ಮಾಡಬೇಕು, ಸೊಪ್ಪು ತರಕಾರಿ ಜಾಸ್ತಿ ತಿನ್ನಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು. ಇದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದದ್ದನ್ನು ಎಂಟು ದಿನ ಮಾಡುತ್ತೇವೆ, ಒಂಬತ್ತನೇ ದಿನ ಬಿಡುತ್ತೇವೆ. ಮೂರು ತಿಂಗಳಾದ ಮೇಲೂ ಅದನ್ನು ಮಾಡುತ್ತಿರುವುದು ಹೇಗೆ ಎಂಬುದೇ ಎಲ್ಲರ ತೊಡಕು.

ನಮ್ಮ ಹಾಸನ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬಿಸಿ ತಾಗಿದ್ದು 2025ರ ಮುಂಗಾರಿನಲ್ಲಿ. ಸುಮಾರು ನಲವತ್ತು ದಿನಗಳ ಅಂತರದಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ದಿನವೂ ಟಿ.ವಿ.ಯಲ್ಲಿ ಬರತೊಡಗಿತು. ಅವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಜನ ಕಂಗಾಲಾದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಎದೆಯಲ್ಲಿ ಗ್ಯಾಸ್ ತುಂಬಿದರೂ ಇಸಿಜಿ, ತೋಳು ಹಿಡಿದುಕೊಂಡರೂ ಇಸಿಜಿ. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರಿಂದ ಪರಿಶೀಲನೆ ಮಾಡಿಸಿತು. 24 ಸಾವುಗಳನ್ನು ನೋಡಿದ ಸಮಿತಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು ಎಂದಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದೂ ಹೇಳಿತು. ತೀರಿಕೊಂಡವರಲ್ಲಿ ಹೆಚ್ಚಿನವರಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ ಇವುಗಳಲ್ಲಿ ಯಾವುದಾದರೊಂದು ಇತ್ತು. ಆಟೊ, ಕ್ಯಾಬ್ ಓಡಿಸುವವರ ಸಂಖ್ಯೆ ಎದ್ದು ಕಾಣುವಂತಿತ್ತು. ಅಂದರೆ ಊರಿಗೆ ಯಾವುದೋ ಹೊಸ ಮಾರಿ ಬಂದದ್ದಲ್ಲ. ಹಳೆಯ ಕಾರಣಗಳೇ, ವರ್ಷಗಟ್ಟಲೆ ದಿನದಿನವೂ ಜಮೆಯಾದಂಥವು.

ಆ ತಿಂಗಳುಗಳಲ್ಲಿ ಚನ್ನರಾಯಪಟ್ಟಣ–ತಿಪಟೂರು ರಸ್ತೆಯ ನಮ್ಮ ನುಗ್ಗೇಹಳ್ಳಿ ಕಡೆಯೂ ಹೊಸ ಶೂಗಳು ಕಂಡವು. ಮುಂಜಾನೆ ರಸ್ತೆ ಬದಿಯಲ್ಲಿ ನಡೆಯುವವರು, ಎಣ್ಣೆ ಪೂರ್ತಿ ಬಿಟ್ಟೆ ಎಂದವರು, ರಾತ್ರಿ ಊಟವನ್ನೇ ನಿಲ್ಲಿಸಿದವರು, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯತೊಡಗಿದವರು. ದೀಪಾವಳಿ ಹೊತ್ತಿಗೆ ಬಹುಪಾಲು ಎಲ್ಲ ಮೊದಲಿನಂತೆಯೇ ಆಯಿತು. ಇದಕ್ಕೆ ಆ ಜನರನ್ನು ಬೈದು ಪ್ರಯೋಜನವಿಲ್ಲ. ಭಯ ಮನುಷ್ಯನನ್ನು ಆಸ್ಪತ್ರೆಯವರೆಗೆ ಓಡಿಸಬಲ್ಲದು, ದಿನಾ ಬೆಳಿಗ್ಗೆ ಎಬ್ಬಿಸಲಾರದು. ರಿಪೋರ್ಟು ನಾರ್ಮಲ್ ಎಂದು ಬಂದ ದಿನವೇ ಭಯ ಇಳಿಯುತ್ತದೆ. ಭಯದ ಜೊತೆ ಶುರುವಾದದ್ದು ಭಯದ ಜೊತೆಯೇ ಹೋಗುತ್ತದೆ.

ಹಾಗಾದರೆ ನಿಲ್ಲುವುದು ಯಾವುದು? ಇಷ್ಟು ವರ್ಷ ನಮ್ಮ ಮನೆಯಲ್ಲಿ, ನೆಂಟರಿಷ್ಟರ ಮನೆಗಳಲ್ಲಿ ಕಂಡದ್ದನ್ನು, ಓದಿ ತಿಳಿದದ್ದನ್ನು ಒಟ್ಟು ಮಾಡಿ ಹೇಳುವುದಾದರೆ ನನಗೆ ಕಾಣುವುದು ಎರಡೇ ಮಾತು. ಹೊಸ ಅಭ್ಯಾಸಕ್ಕೆ ಹೊಸ ಸಮಯ ಹುಡುಕಬೇಡಿ, ಈಗಾಗಲೇ ದಿನಾ ತಪ್ಪದೆ ಮಾಡುತ್ತಿರುವ ಕೆಲಸದ ಬೆನ್ನಿಗೆ ಅದನ್ನು ಕಟ್ಟಿ. ಮತ್ತು ಅದನ್ನು ಒಬ್ಬರೇ ಹೊರಬೇಡಿ, ಮನೆಯ ಅಭ್ಯಾಸ ಮಾಡಿ.

ಮೊದಲನೆಯದಕ್ಕೆ ನಮ್ಮ ಹಳ್ಳಿಗಳಲ್ಲಿ ಡೇರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಸು ಕಟ್ಟಿದ ಮನೆಯಲ್ಲಿ ಹಬ್ಬವಿರಲಿ, ಸಾವಿರಲಿ, ಮಳೆಯಿರಲಿ, ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು, ಡೇರಿಗೆ ಹಾಕಲೇಬೇಕು. ಇದಕ್ಕೆ ಯಾರೂ ಅಲಾರಾಂ ಇಟ್ಟುಕೊಳ್ಳುವುದಿಲ್ಲ, ಸಂಕಲ್ಪ ಮಾಡುವುದಿಲ್ಲ. ಕೈಕಾಲು ತಾವಾಗಿಯೇ ಹೊರಡುತ್ತವೆ. ಒಂದು ಕಾಲಕ್ಕೆ ಕ್ಯಾನ್ ಹಿಡಿದು ನಡೆದೇ ಹೋಗುತ್ತಿದ್ದರು. ಈಗ ಅರ್ಧ ಕಿಲೋಮೀಟರ್ ಇದ್ದರೂ ಗಾಡಿ. ಕಾಲಿನ ಹತ್ತಿರ ಕ್ಯಾನ್ ಇಟ್ಟುಕೊಂಡು ಬರ್ರನೆ ಹೋಗಿ, ಸಾಲಿನಲ್ಲಿ ನಿಂತು, ಅಳೆಸಿ, ಫ್ಯಾಟ್ ನೋಡಿಸಿ, ಮತ್ತೆ ಗಾಡಿ ಹತ್ತಿ ಬಂದರೆ ಐದು ನಿಮಿಷದ ಕೆಲಸ. ಉಳಿದ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಮೊಬೈಲ್ ನೋಡುತ್ತೇವೆ.

ನನ್ನ ಪರಿಚಯದ ರೈತರೊಬ್ಬರಿಗೆ ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ದಿನಾ ನಡೆಯಿರಿ ಎಂದರು. ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗುವುದು ಅವರಿಂದ ಆಗಲಿಲ್ಲ. ಕೊಟ್ಟಿಗೆ ಕೆಲಸ ಬಿಟ್ಟು ಹೋಗುವುದಾದರೂ ಹೇಗೆ? ಕೊನೆಗೆ ಅವರ ಹೆಂಡತಿಯೇ ಒಂದು ದಾರಿ ಹುಡುಕಿದರು. "ಡೇರಿಗೆ ಗಾಡಿ ಬೇಡ, ನಡ್ಕೊಂಡು ಹೋಗಿ ಬನ್ನಿ" ಎಂದು ಬೀಗದ ಕೈ ಎತ್ತಿಟ್ಟರು. ಹಾಲು ಜಾಸ್ತಿ ಇದ್ದ ದಿನ ಕ್ಯಾನನ್ನು ಪಕ್ಕದ ಮನೆಯ ಹುಡುಗನ ಗಾಡಿಯಲ್ಲಿ ಕಳಿಸಿ, ಇವರು ಹಿಂದೆ ನಡೆದು ಹೋಗುತ್ತಿದ್ದರು. ಅವರು ಇವತ್ತಿಗೂ ನಡೆಯುತ್ತಿದ್ದಾರೆ. ವಾಕಿಂಗ್ ಮಾಡುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಅವರ ಪಾಲಿಗೆ ಅದು ಡೇರಿಗೆ ಹೋಗುವುದು, ಅಷ್ಟೆ. ಅಭ್ಯಾಸ ಊರಿದೆ ಎನ್ನುವುದಕ್ಕೆ ಇದಕ್ಕಿಂತ ಗುರುತು ಬೇಡ.

ಇದರ ಲೆಕ್ಕವನ್ನೂ ನೋಡಿ. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ದಿನಕ್ಕೆ ಎರಡು ಸಲ ಎಂದರೆ 40 ನಿಮಿಷ. ವಾರಕ್ಕೆ 280 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆದರೆ ಸಾಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದು ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದಲೇ ಹೊರತು ವೈದ್ಯರ ಪ್ರಯೋಗಾಲಯದಿಂದಲ್ಲ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ವಯಸ್ಸಾದ ಹೆಂಗಸರ ಬಗ್ಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತ್ತು. ಏನೂ ನಡೆಯದವರು ಒಂದಿಷ್ಟು ನಡೆದಾಗ ಸಿಗುವ ಲಾಭವೇ ದೊಡ್ಡದು. ಹತ್ತು ಸಾವಿರ ಆಗಲಿಲ್ಲವೆಂದು ಮನೆಯಲ್ಲೇ ಕೂರುವುದು ನಷ್ಟ.

ಎಷ್ಟು ದಿನಕ್ಕೆ ಅಭ್ಯಾಸವಾಗುತ್ತದೆ ಎಂದೂ ಕೇಳುತ್ತಾರೆ. 21 ದಿನ ಎಂಬುದು ಚಾಲ್ತಿಯಲ್ಲಿರುವ ಉತ್ತರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಂಡು, ಅದನ್ನು ದಿನದ ಒಂದು ನಿಶ್ಚಿತ ಹೊತ್ತಿಗೆ ಅಂಟಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಊಟದ ಜೊತೆ ಹಣ್ಣು ತಿನ್ನುವಂಥದ್ದು. ಅದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲ ಸರಾಸರಿ 66 ದಿನ ಎಂದು ಅವರ ಲೆಕ್ಕ ಹೇಳಿತು. ಆದರೆ ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುವ ಅಂದಾಜು. ನೀರು ಕುಡಿಯುವಂಥದ್ದು ಬೇಗ ಊರುತ್ತದೆ, ವ್ಯಾಯಾಮ ನಿಧಾನ. ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡಿತು. ನಡುವೆ ಒಂದು ದಿನ ತಪ್ಪಿಹೋದರೂ ಏನೂ ಹಾಳಾಗಲಿಲ್ಲ. ಹಬ್ಬ, ಮದುವೆ, ಜಾತ್ರೆ ತುಂಬಿದ ನಮ್ಮ ವರ್ಷಕ್ಕೆ ಇದು ದೊಡ್ಡ ಸಮಾಧಾನ. ಯುಗಾದಿಗೆ ಹೋಳಿಗೆ ತುಪ್ಪ ತಿನ್ನಿ, ಸಂಕೋಚ ಬೇಡ. ಮಾರನೇ ದಿನ ನಿಮ್ಮ ದಾರಿಗೆ ಮರಳಿ. ಒಂದು ದಿನ ತಪ್ಪಿದ್ದಕ್ಕೆ "ಎಲ್ಲ ಹೋಯ್ತು" ಎಂದು ಕೈ ಚೆಲ್ಲುವುದೇ ಅಭ್ಯಾಸವನ್ನು ಕೊಲ್ಲುವುದು.

ಇನ್ನು ಎರಡನೆಯ ಮಾತು, ಮನೆಯ ಅಭ್ಯಾಸ. ಇದು ಎಷ್ಟು ದೊಡ್ಡ ಬಲ ಎಂಬುದನ್ನು ಪ್ರತಿ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ನಮ್ಮ ಊರುಗಳಲ್ಲಿ ಕಣ್ಣಾರೆ ನೋಡುತ್ತೇವೆ. ಅಯ್ಯಪ್ಪ ಮಾಲೆ ಹಾಕಿದ ಹುಡುಗರು 41 ದಿನಗಳ ವ್ರತ ಹಿಡಿದು, ನಸುಕಿಗೆ ಎದ್ದು ತಣ್ಣೀರು ಸ್ನಾನ ಮಾಡುತ್ತಾರೆ. ಬೀಡಿ ಇಲ್ಲ, ಕುಡಿತ ಇಲ್ಲ, ಬಾಯಲ್ಲಿ ಕೆಟ್ಟ ಮಾತಿಲ್ಲ. ಮಾಲೆ ಹಾಕುವ ಹಿಂದಿನ ದಿನದವರೆಗೆ ಸಂಜೆಯಾದರೆ ಬಾರ್ ಮುಂದೆ ನಿಲ್ಲುತ್ತಿದ್ದವರೇ ಇವರು. ಮನಸ್ಸು ಗಟ್ಟಿ ಇಲ್ಲ ಎನ್ನಲು ಬರುತ್ತದೆಯೇ? ಬರುವುದಿಲ್ಲ. ವ್ರತದ ದಿನಗಳಲ್ಲಿ ಅವರ ಸುತ್ತಲಿನ ಎಲ್ಲವೂ ಬದಲಾಗಿರುತ್ತದೆ. ಬಟ್ಟೆ ಬೇರೆ, ಜೊತೆಗಾರರು ಬೇರೆ, ಸಂಜೆಗೆ ಭಜನೆ. ಮನೆಯಲ್ಲಿ ಅಮ್ಮ ಮಡಿಯಲ್ಲಿ ಅಡುಗೆ ಮಾಡುತ್ತಾಳೆ, ಊರು "ಸ್ವಾಮಿ" ಎಂದು ಕರೆಯುತ್ತದೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ದಿನ ಸುತ್ತಲಿನದೆಲ್ಲ ಮತ್ತೆ ಹಳೆಯದಕ್ಕೆ ತಿರುಗುತ್ತದೆ, ಎಷ್ಟೋ ಜನರ ಅಭ್ಯಾಸವೂ ಅದರ ಜೊತೆ ತಿರುಗುತ್ತದೆ. ಭಕ್ತಿಯಲ್ಲಿ ಕೊರತೆ ಇತ್ತೆಂದಲ್ಲ. ಮನುಷ್ಯನ ಹಟಕ್ಕಿಂತ ಅವನ ಸುತ್ತಲಿನ ಮನೆ, ಗೆಳೆತನ, ಹೊತ್ತು ಇವು ಹೆಚ್ಚು ಬಲಶಾಲಿ. ಹಾಗಾಗಿ ವ್ರತ ಮುಗಿದ ಮೇಲೂ ಅದರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಲು ಮನೆಯವರು ಸಹಾಯ ಮಾಡಿದರೆ, ಬೇಗ ಏಳುವುದಾಗಲಿ, ಸಂಜೆಯ ಗೆಳೆಯರ ಗುಂಪಾಗಲಿ, ಆ 41 ದಿನಗಳ ಫಲ ದೊಡ್ಡದು.

ಅಭ್ಯಾಸದ ಬಗ್ಗೆ ಈಗ ಪುಸ್ತಕಗಳು ಬೇಕಾದಷ್ಟು ಇವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಬಹಳಷ್ಟು ಪುಸ್ತಕಗಳ ಓದುಗ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುವ ಒಂಟಿ ಮನುಷ್ಯ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಐದಾರು ಜನಕ್ಕೆ ಒಂದೇ ಪಾತ್ರೆಯಲ್ಲಿ ಸಾರು ಕುದಿಯುತ್ತದೆ. ಬಿ.ಪಿ. ಇರುವ ಮಾವನಿಗೆ ಬೇರೆ, ಬಾಣಂತಿ ಸೊಸೆಗೆ ಬೇರೆ ಎಂದು ಮಾಡುತ್ತ ಹೋದರೆ ಅಡುಗೆ ಮಾಡುವವಳ ಸೊಂಟ ಬೀಳುತ್ತದೆ. ಹದಿನೈದು ದಿನಕ್ಕೆ ಆ ಏರ್ಪಾಡು ನಿಂತೇ ನಿಲ್ಲುತ್ತದೆ. ಗಂಡಸರು ಆಸ್ಪತ್ರೆಯಿಂದ ಬಂದು "ನಾಳೆಯಿಂದ ನನಗೆ ಉಪ್ಪಿಲ್ಲದ ಊಟ" ಎಂದು ಅಪ್ಪಣೆ ಕೊಡಿಸುವುದರಿಂದ ಏನೂ ಆಗುವುದಿಲ್ಲ. ಇಡೀ ಪಾತ್ರೆಯನ್ನೇ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು, ಅದೂ ಅಡುಗೆ ಮಾಡುವವರ ಜೊತೆ ಕೂತು ಮಾತಾಡಿ.

ಉಪ್ಪನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯೂ, 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರದ ಮಾರ್ಗಸೂಚಿಯೂ ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತವೆ. ಅಂದರೆ ತಲೆಸಮ ಮಾಡಿದ ಒಂದು ಟೀ ಚಮಚ. ಗ್ರಾಂ ಲೆಕ್ಕ ಅಡುಗೆಮನೆಯಲ್ಲಿ ನಡೆಯುವುದಿಲ್ಲ ಎನ್ನುತ್ತೀರಿ, ಸರಿ. ಪ್ಯಾಕೆಟ್ ಲೆಕ್ಕ ಹಾಕಿ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ. ಬೇಕರಿ ತಿಂಡಿ, ಚಿಪ್ಸು, ಹೊರಗಿನ ಊಟದ ಉಪ್ಪೂ ಈ ಲೆಕ್ಕದೊಳಗೇ ಬರಬೇಕು. ದನಕ್ಕೆ ಹಾಕುವ ಉಪ್ಪನ್ನು ಬೇರೆ ಇಟ್ಟು, ನಿಮ್ಮ ಮನೆಗೆ ತಿಂಗಳಿಗೆ ಕಿಲೋದ ಪ್ಯಾಕೆಟ್ ಎಷ್ಟು ಬರುತ್ತದೆ ನೋಡಿ. ಎರಡು ಬರುತ್ತಿದ್ದರೆ ದಾರಿ ದೂರವಿದೆ ಎಂದರ್ಥ. ಆದರೆ ನಾಳೆಯೇ ಒಂದಕ್ಕೆ ಇಳಿಸಬೇಡಿ. ಮೊದಲ ತುತ್ತಿಗೇ ಮಕ್ಕಳು ತಟ್ಟೆ ಸರಿಸುತ್ತಾರೆ. ಒಂದು ವಾರ ಸಾರಿಗೆ ಹಾಕುವ ಉಪ್ಪಿನಲ್ಲಿ ಒಂದು ಚಿಟಿಕೆ ಕಡಿಮೆ, ಎರಡು ವಾರ ಬಿಟ್ಟು ಇನ್ನೊಂದು ಚಿಟಿಕೆ. ಅನ್ನಕ್ಕೆ ಹಾಕುತ್ತಿದ್ದರೆ ಅದನ್ನು ಬಿಡಿ. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಜಾಡಿ ಕೈಗೆ ಸಿಗುವಲ್ಲಿ ಇಡಬೇಡಿ. ಕೇಳಿದವರು ಎದ್ದು ಹೋಗಿ ತರಲಿ. ಹುಣಸೆಹುಳಿ, ನಿಂಬೆಹಣ್ಣು, ಹುರಿದ ಜೀರಿಗೆ, ಕೊತ್ತಂಬರಿ ಸೊಪ್ಪು ಇವು ಕಡಿಮೆಯಾದ ಉಪ್ಪನ್ನು ಬಹಳ ಮಟ್ಟಿಗೆ ಮರೆಸುತ್ತವೆ. ನಮ್ಮ ಮನೆಯಲ್ಲಿ ಹೀಗೇ ಇಳಿಸಿದೆವು. ಕೆಲವು ತಿಂಗಳಾದ ಮೇಲೆ ನೆಂಟರ ಮನೆಯ ಸಾರು ಬಾಯಿಗಿಟ್ಟಾಗ ಉಪ್ಪು ಮುಂದಾಗಿ ಕಂಡಿತು. ನಾಲಿಗೆಗೆ ಕಾಲ ಕೊಟ್ಟರೆ ಅದು ಒಗ್ಗಿಕೊಳ್ಳುತ್ತದೆ.

ಮುದ್ದೆಯ ಮಾತೂ ಹಾಗೆಯೇ. ರಾಗಿಯಲ್ಲಿ ಸುಣ್ಣದಂಶವಿದೆ, ನಾರಿದೆ, ಅದು ನಮ್ಮ ಅಭಿಮಾನದ ಊಟ. ಅದನ್ನು ಬಿಡಿ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ನೇಗಿಲು ಹಿಡಿದು ಹೊಲ ಸುತ್ತುತ್ತಿದ್ದ ತಾತ ಉಣ್ಣುತ್ತಿದ್ದ ಗಾತ್ರದ ಮುದ್ದೆಯನ್ನೇ ಟ್ರ್ಯಾಕ್ಟರ್‌ಗೆ ಬಾಡಿಗೆ ಕೊಟ್ಟು ಬದುವಿನಲ್ಲಿ ನಿಲ್ಲುವ ಮೊಮ್ಮಗನೂ ಉಂಡರೆ ಆ ಹಿಟ್ಟು ಹೋಗುವುದೆಲ್ಲಿಗೆ? ರಾಗಿ ಹೊಲ ತೆಂಗಿನ ತೋಟವಾದ ಕಡೆಯಲ್ಲೆಲ್ಲ ಮೈ ಮುರಿಯುವ ಕೆಲಸ ಇಳಿದಿದೆ, ಮುದ್ದೆ ಇಳಿದಿಲ್ಲ. ಮುದ್ದೆ ಕಟ್ಟುವಾಗ ಕೈಯಳತೆ ಸ್ವಲ್ಪ ಸಣ್ಣದು ಮಾಡಿ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು ಕಾಳಿನ ಪಲ್ಯವನ್ನು ನೆಂಚಿಕೊಳ್ಳಲು ಮಾತ್ರ ಬಡಿಸದೆ ಒಂದು ಬಟ್ಟಲು ತುಂಬ ಬಡಿಸಿ. ಹುರುಳಿ, ಅವರೆ, ಅಲಸಂದೆ, ಹಿತ್ತಲ ನುಗ್ಗೆ ಸೊಪ್ಪು ಇವು ನಮಗೆ ಹೊಸದಾಗಿ ಕೊಳ್ಳಬೇಕಾದ ಪದಾರ್ಥಗಳಲ್ಲ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕು ಎನ್ನುವುದು ಪಟ್ಟಣದ ಮಾತಿನಂತೆ ಕೇಳಿಸುತ್ತದೆ. ಮಸ್ಸೊಪ್ಪು ಬಸ್ಸಾರಿನ ಮನೆಗೆ ಅದು ಕೈಗೆಟುಕುವ ಮಾತೇ. ಕಾಫಿ ಟೀಗೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ ಎಂದರೆ ಎಂಟು ಚಮಚ; ಮೇಲೆ ಹೇಳಿದ ಮಾರ್ಗಸೂಚಿ ಕೊಡುವ 20ರಿಂದ 25 ಗ್ರಾಮಿನ ಮಿತಿ ಅಲ್ಲಿಗೇ ದಾಟಿತು. ಅರ್ಧ ಚಮಚ ಇಳಿಸಿ, ನಾಲಿಗೆ ಒಗ್ಗಿದ ಮೇಲೆ ಇನ್ನರ್ಧ.

ಇಂಥ ಸಣ್ಣ ಬದಲಾವಣೆಗೆ ಕಾಯಿಲೆ ತಡೆಯುವ ಶಕ್ತಿ ಇದೆಯೇ ಎಂಬ ಅನುಮಾನ ಸಹಜ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ದಿನಾ ಅರ್ಧ ಗಂಟೆ ನಡಿಗೆ, ಊಟದಲ್ಲಿ ಮಿತವಾದ ಬದಲಾವಣೆ. ಇಷ್ಟು ಮಾಡಿದ ಗುಂಪಿನಲ್ಲಿ, ಏನೂ ಮಾಡದವರಿಗೆ ಹೋಲಿಸಿದರೆ, ಕಾಯಿಲೆಗೆ ಜಾರುವ ಸಂಭವ ಶೇ 28ರಷ್ಟು ಕಡಿಮೆಯಾಯಿತು. ಮೈತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಈ ಫಲ ಸಿಕ್ಕಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, ಅದಕ್ಕಿಂತ ಹೆಚ್ಚು ಮಂದಿ ಅದರ ಅಂಚಿನಲ್ಲಿ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಆ ಅಂಚಿನಲ್ಲಿರುವವರಿಗೆ ಈ ಬರಹ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಹಳ್ಳಿಯ ಹೆಂಗಸರಿಗೆ ನಡಿಗೆಯಲ್ಲಿ ಇನ್ನೊಂದು ತಡೆ ಇದೆ, ನಾಚಿಕೆ. ಸುಮ್ಮನೆ ರಸ್ತೆಯಲ್ಲಿ ನಡೆದರೆ "ಯಾಕಕ್ಕ, ಶುಗರ್ ಬಂತಾ?" ಎಂದು ಎದುರಾದವರೆಲ್ಲ ಕೇಳುತ್ತಾರೆ. ಅಂಥವರಿಗೆ ನಾನು ದೇವಸ್ಥಾನ ತೋರಿಸುತ್ತೇನೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ್ದು 1246ರಲ್ಲಿ. ಅದರ ಜಗತಿಯ ಮೇಲೆ ಪ್ರದಕ್ಷಿಣೆ ಬರುವವರನ್ನು ಯಾರೂ ಏನೂ ಕೇಳುವುದಿಲ್ಲ. ಬೈಚೋಜ, ಮಲ್ಲಿತಮ್ಮನಂಥ ರೂವಾರಿಗಳ ಕೆತ್ತನೆಗಳು ಗೋಡೆ ತುಂಬ ಇವೆ. ಕಣ್ಣಿಗೂ ಕೆಲಸ, ಕಾಲಿಗೂ ಕೆಲಸ. ಊರಿಗೊಂದು ದೇವಸ್ಥಾನ, ಕೆರೆ ಏರಿ, ಶಾಲೆಯ ಮೈದಾನ ಇದ್ದೇ ಇರುತ್ತದೆ. ಇಬ್ಬರು ಮೂವರು ಜೊತೆಯಾದರೆ ನಾಚಿಕೆ ಅರ್ಧ ಇಳಿಯುತ್ತದೆ, ಒಬ್ಬರಿಗೆ ಸೋಮಾರಿತನ ಬಂದ ದಿನ ಇನ್ನೊಬ್ಬರು ಬಾಗಿಲಿಗೆ ಬಂದು ಕರೆಯುತ್ತಾರೆ. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ದಿನವಿಡೀ ಸ್ಟೇರಿಂಗ್ ಹಿಡಿದು ಕೂರುವ ಚಾಲಕರೂ ಟೀಗೆ ಗಾಡಿ ನಿಲ್ಲಿಸಿದಾಗಲೆಲ್ಲ ಕೂತೇ ಕುಡಿಯದೆ ಹತ್ತು ನಿಮಿಷ ಅಡ್ಡಾಡಲಿ. ಬಾಡಿಗೆ ತಪ್ಪುವುದಿಲ್ಲ, ಕಾಲಿನ ರಕ್ತ ಓಡುತ್ತದೆ.

ಒಂದು ಎಚ್ಚರ ಹೇಳಲೇಬೇಕು. ಎಲ್ಲದಕ್ಕೂ ನಿಧಾನದ ದಾರಿ ಒಗ್ಗುವುದಿಲ್ಲ. ಬೀಡಿ, ಸಿಗರೇಟು, ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಇವನ್ನು ಕಡಿಮೆ ಮಾಡಿದೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಪೂರ್ತಿ ಬಿಡಬೇಕು. ಬಿಡಲು ಸಹಾಯ ಬೇಕಾದವರಿಗೆ 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿ ಇದೆ. ದಿನಾ ಹೆಚ್ಚು ಕುಡಿಯುವವರು ಮಾತ್ರ ವೈದ್ಯರನ್ನು ಕೇಳಿಯೇ ಬಿಡಬೇಕು. ಒಮ್ಮೆಗೇ ನಿಲ್ಲಿಸಿದರೆ ಕೆಲವರಿಗೆ ಅಪಾಯವಾಗುತ್ತದೆ. ನಡೆಯುತ್ತಿದ್ದೇನೆ, ಉಪ್ಪು ಇಳಿಸಿದ್ದೇನೆ ಎಂದು ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಸೋಡಾ ಕುಡಿದು ಕಾಯಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುವ ವ್ಯವಸ್ಥೆ ಮಾಡಿರುವುದು ಅದಕ್ಕಾಗಿಯೇ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿ.ಪಿ., ಶುಗರ್ ನೋಡಿಸಿಕೊಳ್ಳಿ. ಭಯ ಬಂದಾಗ ಸಾಲು ನಿಲ್ಲುವುದಕ್ಕಿಂತ ಇದು ಮೇಲು.

ಎಲ್ಲಿಂದ ಶುರು ಮಾಡೋದು ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಟಿ.ವಿ. ಆರಿಸಿ, ಮನೆಯಲ್ಲಿ ಅಡುಗೆ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಒಂದು ಬದಲಾವಣೆ ಎಲ್ಲರೂ ಸೇರಿ ಆರಿಸಿ. ಅದನ್ನು ದಿನಾ ತಪ್ಪದ ಒಂದು ಕೆಲಸಕ್ಕೆ ಕಟ್ಟಿ. ಅದು ಹೇಳದೆಯೇ ನಡೆಯುವಂತಾಗುವವರೆಗೆ ಎರಡನೆಯದಕ್ಕೆ ಕೈ ಹಾಕಬೇಡಿ. ಒಂದು ವರ್ಷದಲ್ಲಿ ಇಂಥ ಮೂರು ಬದಲಾವಣೆ ನಿಂತರೆ ಆ ಮನೆಯ ಮಕ್ಕಳಿಗೆ ಅದು ಅಭ್ಯಾಸವೆಂದೂ ಅನಿಸುವುದಿಲ್ಲ, ನಮ್ಮ ಮನೆ ಇರುವುದೇ ಹೀಗೆ ಎಂದುಕೊಳ್ಳುತ್ತಾರೆ. ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಯಲ್ಲಿ ಇದನ್ನೂ ಸೇರಿಸಿ.